ಅಳುವ ಆ ವಾದ್ಯ ಯಾವುದು, ಚಿಕ್ಕಮ್ಮ?

ಅಕ್ಕನ ಮಗನನ್ನು ಕಂಪನಿಯವರು ಒಂದೂವರೆ ವರ್ಷದ ಮಟ್ಟಿಗೆ ನ್ಯಾಶ್‌ವಿಲ್‌ಗೆ ಕಳಿಸುವುದೆಂದಾಯಿತು. ಆಸ್ಪತ್ರೆಗಳ ಲೆಕ್ಕಪತ್ರದ ಸಾಫ್ಟ್‌ವೇರ್ ಬರೆಯುವ ಕೆಲಸ ಅವನದು. ಅಮೆರಿಕದ ಆಸ್ಪತ್ರೆ ವ್ಯವಹಾರದ ದೊಡ್ಡ ಕುಳಗಳು ಬೀಡುಬಿಟ್ಟಿರುವುದು ಆ ಊರಿನಲ್ಲೇ. ಅಕ್ಕ ಸ್ವೆಟರ್ ಎಷ್ಟು ಬೇಕು, ಉಪ್ಪಿನಕಾಯಿಯನ್ನು ವಿಮಾನದಲ್ಲಿ ಬಿಡುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿದ್ದಾಗ ಇವನು ನನಗೆ ಫೋನು ಮಾಡಿದ. "ಚಿಕ್ಕಮ್ಮ, ಆ ಊರಿನಲ್ಲಿ ಬಾಯಿ ತೆರೆದರೆ ಕಂಟ್ರಿ ಮ್ಯೂಸಿಕ್ ಅಂತೆ. ನನಗೆ ಗೊತ್ತಿರುವುದು 'ಕಂಟ್ರಿ ರೋಡ್ಸ್' ಒಂದೇ. ನೀವು ಅದನ್ನೆಲ್ಲ ಕೇಳುತ್ತೀರಲ್ಲ, ಒಂದು ಪಟ್ಟಿ ಕೊಡಿ."

ಕಂಟ್ರಿ ಎಂದರೆ ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿ ಬೆಳೆದ ಹಾಡುಗಾರಿಕೆ. ಹೀಗೆ ಯಾರಾದರೂ ಕೇಳಲಿ ಎಂದು ನಾನು ಮೂವತ್ತು ವರ್ಷದಿಂದ ಕಾದಿದ್ದೆ. ನಾನು ಈ ಹಾಡುಗಳನ್ನು ಹಾಕಿದ ಕೂಡಲೇ ನಮ್ಮ ಮನೆಯಲ್ಲಿ ಟಿವಿಯ ಸದ್ದು ಏರುತ್ತದೆ. ಅಂಥವಳು ಸುಮ್ಮನಿರುವುದುಂಟೇ? ರಾತ್ರಿ ಹನ್ನೊಂದರವರೆಗೆ ಕುಳಿತು ಇಪ್ಪತ್ಮೂರು ಆಲ್ಬಮ್‌ಗಳ ಪಟ್ಟಿ ಮಾಡಿದೆ. ಇಸವಿವಾರು. ಒಂದೊಂದರ ಕೆಳಗೂ ಎರಡೆರಡು ಸಾಲಿನ ಟಿಪ್ಪಣಿ. ಕಳಿಸಿ, ಗೆದ್ದವಳ ಹಾಗೆ ಮಲಗಿದೆ.

ಹತ್ತು ದಿನ ಸದ್ದಿಲ್ಲ. ನಾನೇ ಕೇಳಿದಾಗ ಹುಡುಗ ಸಂಕೋಚದಿಂದ ಹೇಳಿದ: "ನಾಲ್ಕನೆಯದರವರೆಗೆ ಬಂದೆ ಚಿಕ್ಕಮ್ಮ. ಎಲ್ಲವೂ ಒಂದೇ ಹಾಗೆ ಕೇಳಿಸುತ್ತವೆ. ಮೂಗಿನಲ್ಲಿ ಹಾಡುತ್ತಾರೆ, ಹಿಂದೆ ಟಿಂಗ್ ಟಿಂಗ್ ಅನ್ನುತ್ತದೆ, ಮುಗಿಯುತ್ತದೆ."

ಸಿಟ್ಟು ಬಂತು. ಆಮೇಲೆ ನೆನಪಾಯಿತು, ಬೆಂಗಳೂರಿನ ನನ್ನ ಸಹೋದ್ಯೋಗಿಯೊಬ್ಬರನ್ನು ಒಮ್ಮೆ ಯಕ್ಷಗಾನಕ್ಕೆ ಕರೆದೊಯ್ದಿದ್ದೆ. ಅವರೂ ಇದನ್ನೇ ಹೇಳಿದ್ದರು. ಭಾಗವತರು ಬದಲಾದದ್ದೂ ಅವರ ಗಮನಕ್ಕೆ ಬಂದಿರಲಿಲ್ಲ. ತಪ್ಪು ಅವರದಲ್ಲ, ಪೂರ್ತಿ ಇರುಳಿನ ಆಟಕ್ಕೆ ಒಮ್ಮೆಲೇ ಕೂರಿಸಿದ ನನ್ನದು.

ಪಟ್ಟಿಯಲ್ಲಿ ಮೊದಲು ಏನಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. 1927ರ ಬೇಸಿಗೆಯ ಬ್ರಿಸ್ಟಲ್ ಧ್ವನಿಮುದ್ರಣಗಳು. ಬ್ರಿಸ್ಟಲ್ ಎಂಬುದು ಟೆನೆಸ್ಸೀ, ವರ್ಜೀನಿಯಾ ಎರಡೂ ರಾಜ್ಯಗಳಲ್ಲಿ ಕಾಲಿಟ್ಟುಕೊಂಡಿರುವ ಊರು. ಮುಖ್ಯ ಬೀದಿಯ ನಟ್ಟನಡುವೆಯೇ ಗಡಿ. ವಿಕ್ಟರ್ ಕಂಪನಿಯ ರಾಲ್ಫ್ ಪಿಯರ್ ಅಲ್ಲಿಗೆ ಯಂತ್ರ ಹೊತ್ತುಕೊಂಡು ಬಂದು, ಹಾಡಬಲ್ಲವರು ಬನ್ನಿ ಎಂದು ಕರೆದ. ಬೆಟ್ಟದಾಚೆಯಿಂದ ಕಾರ್ಟರ್ ಮನೆಯವರು ಬಂದರು: ಎ. ಪಿ. ಕಾರ್ಟರ್, ಹೆಂಡತಿ ಸಾರಾ, ತಮ್ಮನ ಹೆಂಡತಿ ಮೇಬೆಲ್. ಮೇಬೆಲ್ ಆಗ ತುಂಬು ಬಸುರಿ. ಅವಳು ಗಿಟಾರಿನ ದಪ್ಪ ತಂತಿಗಳ ಮೇಲೆ ಹೆಬ್ಬೆರಳಿನಿಂದ ರಾಗ ನುಡಿಸುತ್ತ ಉಳಿದ ಬೆರಳುಗಳಿಂದ ಲಯ ಬಾರಿಸುತ್ತಿದ್ದಳು. ಆಮೇಲೆ ಬಂದ ಎಷ್ಟೋ ಗಿಟಾರು ಹಿಡಿದವರು ಕಲಿತದ್ದು ಆ ಹೆಬ್ಬೆರಳಿನಿಂದ. ಅದೇ ವಾರದಲ್ಲಿ ಜಿಮ್ಮಿ ರಾಜರ್ಸ್ ಬಂದ, ರೈಲಿನಲ್ಲಿ ಬ್ರೇಕ್‌ಮನ್ ಆಗಿದ್ದ ಕ್ಷಯರೋಗಿ. ಆರೇ ವರ್ಷದಲ್ಲಿ, 35ನೇ ವಯಸ್ಸಿಗೆ ತೀರಿಕೊಂಡ. ಕೊನೆಯ ಧ್ವನಿಮುದ್ರಣದ ನಡುನಡುವೆ ಮಂಚದ ಮೇಲೆ ಮಲಗಿ ಸುಧಾರಿಸಿಕೊಳ್ಳಬೇಕಾಗಿತ್ತು. ಇದೆಲ್ಲ ಗೊತ್ತಿರುವ ನನಗೆ ಆ ಕರಕರ ಸದ್ದಿನ ಗ್ರಾಮಫೋನ್ ತಟ್ಟೆಗಳನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಗೊತ್ತಿಲ್ಲದವನಿಗೆ ಅದು ಬರೀ ಕರಕರ. ಹಾಗಾಗಿ ಹೊಸಬರಿಗೆ ನನ್ನ ಮೊದಲ ಸಲಹೆ: ಮೊದಲಿನಿಂದ ಶುರು ಮಾಡಬೇಡಿ.

ನಾನೇ ಎಲ್ಲಿಂದ ಶುರು ಮಾಡಿದ್ದೆ? ಮಂಗಳೂರಿನ ಪಕ್ಕದ ಮನೆಯಿಂದ. ಟೀಚರಮ್ಮನ ಗಂಡ ಗಲ್ಫ್‌ನಿಂದ ತಂದ ಟೂ-ಇನ್-ಒನ್ ಅವರ ಚಾವಡಿಯ ಕಪಾಟಿನ ಮೇಲಿತ್ತು. ಡಿಸೆಂಬರ್ ಬಂತೆಂದರೆ ಜಿಮ್ ರೀವ್ಸ್‌ನ ಕ್ರಿಸ್‌ಮಸ್ ಹಾಡುಗಳು, ಉಳಿದ ತಿಂಗಳುಗಳಲ್ಲಿ ಅವನವೇ ಬೇರೆ ಹಾಡುಗಳು. ಕುಸ್ವಾರ್ ಎಂಬ ಕ್ರಿಸ್‌ಮಸ್ ತಿಂಡಿಗಳ ತಟ್ಟೆ ಹಿಡಿದು ಅವರು ನಮ್ಮ ಮನೆಗೆ ಬರುವಾಗ ಆ ಕಂಠವೂ ಬೇಲಿ ದಾಟಿ ಹಿಂದೆಯೇ ಬರುತ್ತಿತ್ತು. ನನ್ನ ಮಟ್ಟಿಗೆ ಆ ತಟ್ಟೆಯ ನೆವ್ರಿಯ ರುಚಿಗೂ ಜಿಮ್ ರೀವ್ಸ್‌ಗೂ ಇಂದಿಗೂ ಬಿಡಿಸಲಾಗದ ನಂಟು. ಕರಾವಳಿಯ ಕ್ರೈಸ್ತ ಮನೆಗಳಲ್ಲಿ, ಬೆಂಗಳೂರಿನ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಅವನನ್ನು ದೂರದವನೆಂದು ಯಾರೂ ಎಣಿಸುತ್ತಿರಲಿಲ್ಲ. ಟೆಕ್ಸಸ್‌ನವನು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. 1964ರ ಜುಲೈನಲ್ಲಿ ತನ್ನ ಪುಟ್ಟ ವಿಮಾನವನ್ನು ತಾನೇ ನಡೆಸುತ್ತ ನ್ಯಾಶ್‌ವಿಲ್ ಹತ್ತಿರ ಬಿರುಮಳೆಗೆ ಸಿಕ್ಕಿ ಸತ್ತಿದ್ದ. ಅಂದರೆ ನಾನು ಕೇಳಿದ್ದೆಲ್ಲ ಸತ್ತವನ ದನಿ ಎಂಬುದೂ ಆಗಲೇ ತಿಳಿದದ್ದು.

ಅವನ 'ಹೀ'ಲ್ ಹ್ಯಾವ್ ಟು ಗೋ' ಹಾಡಿನಲ್ಲಿ ಒಬ್ಬ ಗಂಡಸು ಬಾರಿನಿಂದ ತನ್ನವಳಿಗೆ ಫೋನು ಮಾಡುತ್ತಾನೆ. ಆ ಕಡೆ ಅವಳ ಪಕ್ಕದಲ್ಲಿ ಇನ್ನೊಬ್ಬನಿದ್ದಾನೆ. ಬಾಯಿಯನ್ನು ಫೋನಿಗೆ ಇನ್ನಷ್ಟು ಹತ್ತಿರ ತಾ ಎಂದು ಇವನು ಕೇಳಿಕೊಳ್ಳುತ್ತಾನೆ. ರೀವ್ಸ್ ಇದನ್ನು ಮೈಕಿಗೆ ತುಟಿ ತಾಗುವಷ್ಟು ಹತ್ತಿರದಿಂದ, ಪಿಸುಮಾತಿಗಿಂತ ತುಸು ಮೇಲಿನ ದನಿಯಲ್ಲಿ ಹಾಡಿದ. ಇಂಗ್ಲಿಷ್ ಬಾರದ ವಯಸ್ಸಿನಲ್ಲಿ ನನಗೆ ತಿಳಿದದ್ದು ಇಷ್ಟೇ: ಈ ಮನುಷ್ಯ ಯಾರಿಗೋ ಮಾತ್ರ ಕೇಳಿಸುವ ಹಾಗೆ ಏನನ್ನೋ ಬೇಡುತ್ತಿದ್ದಾನೆ.

ಪಳಗಿದ ಕೇಳುಗರು ರೀವ್ಸ್ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ರಾಕ್ ಆಂಡ್ ರೋಲ್ ಹೊಡೆತಕ್ಕೆ ಮಾರಾಟ ಕುಸಿದಾಗ ಚೆಟ್ ಆಟ್ಕಿನ್ಸ್, ಓವೆನ್ ಬ್ರಾಡ್ಲಿ ಮುಂತಾದ ನಿರ್ಮಾಪಕರು ಪಿಟೀಲು, ಸ್ಟೀಲ್ ಗಿಟಾರುಗಳನ್ನು ಹಿಂದೆ ಸರಿಸಿ ವಾದ್ಯವೃಂದವನ್ನೂ ಮೇಳದ ಗಾಯನವನ್ನೂ ತುಂಬಿದರು. ಹಾಡುಗಳು ಪಟ್ಟಣದ ಡ್ರಾಯಿಂಗ್ ರೂಮಿಗೆ ಒಗ್ಗುವಂತಾದವು. ಅದು ನೈಜ ಕಂಟ್ರಿ ಅಲ್ಲ ಎಂಬುದು ಆಕ್ಷೇಪ. ಇರಬಹುದು. ಆದರೆ ಅದೇ ಬ್ರಾಡ್ಲಿ 1961ರಲ್ಲಿ ಪ್ಯಾಟ್ಸಿ ಕ್ಲೈನ್ ಕೈಯಲ್ಲಿ 'ಕ್ರೇಜಿ' ಹಾಡಿಸಿದ. ಕಾರು ಅಪಘಾತದಲ್ಲಿ ಪಕ್ಕೆಲುಬು ಮುರಿದುಕೊಂಡಿದ್ದ ಆಕೆಗೆ ಮೊದಲ ದಿನ ಮೇಲಿನ ಸ್ವರಗಳು ಎಟುಕಲಿಲ್ಲ. ಕೆಲವು ದಿನ ಬಿಟ್ಟು ಬಂದು ಹಾಡಿದಳು. ಅದನ್ನು ಕೇಳಿದ ಮೇಲೂ ನೈಜತೆಯ ಬಗ್ಗೆ ವಾದ ಮಾಡುವವರ ಜೊತೆ ನನಗೆ ಮಾತಿಲ್ಲ. ಹಾಡು ಬರೆದವನು ಆಗಿನ್ನೂ ಹೆಸರಿಲ್ಲದ ವಿಲ್ಲಿ ನೆಲ್ಸನ್. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೊರಡುವ ವಾರ ಹುಡುಗ ಊರಿಗೆ ಬಂದ. ಜೋರು ಮಳೆ, ಸಂಜೆಯೇ ಕರೆಂಟು ಹೋಗಿತ್ತು. ಜಗಲಿಯಲ್ಲಿ ಕುಳಿತೆವು. ಪಟ್ಟಿಯ ಸುದ್ದಿ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಕೊನೆಗೆ ನಾನೇ, "ಒಂದೇ ಹಾಡು ಹಾಕುತ್ತೇನೆ, ಮಾತು ಗಮನವಿಟ್ಟು ಕೇಳು, ರಾಗದ ಉಸಾಬರಿ ಬೇಡ" ಎಂದು ಮೊಬೈಲನ್ನು ಸ್ಟೀಲ್ ಲೋಟದೊಳಗೆ ನಿಲ್ಲಿಸಿದೆ. ಸದ್ದು ದೊಡ್ಡದಾಗಲು ನಮ್ಮ ಮನೆಯಲ್ಲಿ ಇದೇ ಉಪಾಯ.

ಜಾರ್ಜ್ ಜೋನ್ಸ್ ಹಾಡಿದ 'ಹೀ ಸ್ಟಾಪ್ಡ್ ಲವಿಂಗ್ ಹರ್ ಟುಡೇ'. 1980ರದು. ಒಬ್ಬನಿದ್ದ, ಸಾಯುವವರೆಗೂ ನಿನ್ನನ್ನು ಪ್ರೀತಿಸುತ್ತೇನೆ ಎಂದಿದ್ದ. ಅವಳು, ಮರೆಯುತ್ತೀ ಬಿಡು ಎಂದಿದ್ದಳು. ಗೋಡೆಯ ಮೇಲೆ ಅವಳ ಚಿತ್ರ. ಹಾಸಿಗೆಯ ಪಕ್ಕದಲ್ಲಿ 1962ರ ಕಾಗದಗಳು, ಪ್ರೀತಿ ಎಂದಿರುವ ಕಡೆಯಲ್ಲೆಲ್ಲ ಕೆಂಪು ಗೆರೆ ಎಳೆದಿದ್ದಾನೆ. ಇವತ್ತು ಅವನನ್ನು ನೋಡಲು ಹೋಗಿದ್ದೆ, ಕಣ್ಣೀರಿರಲಿಲ್ಲ, ಎಲ್ಲಿಗೋ ಹೊರಟವನ ಹಾಗೆ ನೀಟಾಗಿ ಉಡುಪು ತೊಟ್ಟಿದ್ದ, ಎಷ್ಟೋ ವರ್ಷದ ಮೇಲೆ ಮುಖದಲ್ಲಿ ನಗು ಕಂಡೆ...

ಇಲ್ಲಿ ಹುಡುಗ ನನ್ನ ಕಡೆ ತಿರುಗಿ, "ಕೊನೆಗೂ ಮರೆತನಾ?" ಎಂದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಪಲ್ಲವಿ ಬಂತು. ಬಾಗಿಲಿಗೆ ಹೂವಿನ ಚಕ್ರ ಇಟ್ಟಿದ್ದಾರೆ, ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಹೊತ್ತೊಯ್ಯುತ್ತಾರೆ. ಹುಡುಗನ ಹುಬ್ಬು ಒಂದು ಕ್ಷಣ ಗಂಟಾಗಿ ನಿಧಾನ ಬಿಚ್ಚಿಕೊಂಡಿತು. "ಅಯ್ಯೋ" ಎಂದ. ಅಷ್ಟೇ. ಮಳೆಯ ಸದ್ದಿನಲ್ಲಿ ಹಾಡಿನ ಕೊನೆ ಸರಿಯಾಗಿ ಕೇಳಿಸಲಿಲ್ಲವೆಂದು ಅವನೇ ಮತ್ತೊಮ್ಮೆ ಹಾಕಿದ.

ಜೋನ್ಸ್‌ಗೆ ಈ ಹಾಡು ಮೊದಲು ಹಿಡಿಸಿರಲೇ ಇಲ್ಲ. ಇಷ್ಟು ಸಾವಿನ ವಾಸನೆ ಹೊಡೆಯುವುದನ್ನು ಯಾರು ಕೊಳ್ಳುತ್ತಾರೆ ಎಂದು ಗೊಣಗಿದ್ದ. ಕುಡಿತದಲ್ಲಿ ಮುಳುಗಿದ್ದವನನ್ನು ಹಿಡಿದು ತಂದು ಹಾಡಿಸಿ ಮುಗಿಸುವಷ್ಟರಲ್ಲಿ ನಿರ್ಮಾಪಕ ಬಿಲ್ಲಿ ಶೆರಿಲ್ ಸುಸ್ತಾಗಿದ್ದ. ಹೆಂಡತಿ ಕಾರಿನ ಕೀಲಿಗಳನ್ನೆಲ್ಲ ಬಚ್ಚಿಟ್ಟಾಗ ಹುಲ್ಲು ಕತ್ತರಿಸುವ ಯಂತ್ರವನ್ನೇರಿ ಹೆಂಡದಂಗಡಿಗೆ ಹೋದ ಮಹಾನುಭಾವ ಈ ಜೋನ್ಸ್.

ಎರಡನೆಯದಾಗಿ ಹ್ಯಾಂಕ್ ವಿಲಿಯಮ್ಸ್‌ನ 'ಕೋಲ್ಡ್, ಕೋಲ್ಡ್ ಹಾರ್ಟ್' ಹಾಕಿದೆ. ನಾನು ಹ್ಯಾಂಕ್‌ನ ಪುರಾಣ ತೆಗೆಯುವವಳಿದ್ದೆ: ಅಲಬಾಮದ ಬಡ ಹುಡುಗ, ಬೆನ್ನುಮೂಳೆಯ ಹುಟ್ಟುನೋವು, 1953ರ ಹೊಸ ವರ್ಷದ ದಿನ ಕ್ಯಾಡಿಲಾಕ್ ಕಾರಿನ ಹಿಂದಿನ ಸೀಟಿನಲ್ಲಿ ಹೆಣವಾಗಿ ಸಿಕ್ಕಾಗ ವಯಸ್ಸು 29. ಹುಡುಗ ತಡೆದ. "ಅದಿರಲಿ. ಹಿಂದೆ ಅಳುತ್ತಿದೆಯಲ್ಲ, ಆ ವಾದ್ಯ ಯಾವುದು ಚಿಕ್ಕಮ್ಮ?"

ಪಟ್ಟಿಯ ಇಪ್ಪತ್ಮೂರು ಟಿಪ್ಪಣಿಗಳಲ್ಲಿ ನಾನು ಬರೆಯದೇ ಬಿಟ್ಟದ್ದು ಇದೊಂದನ್ನೇ.

ಅದು ಸ್ಟೀಲ್ ಗಿಟಾರ್, ನುಡಿಸಿದವನು ಡಾನ್ ಹೆಲ್ಮ್ಸ್. ಗಿಟಾರು ಉಕ್ಕಿನದಲ್ಲ, ಎಡಗೈಯಲ್ಲಿ ಹಿಡಿದು ತಂತಿಯ ಮೇಲೆ ಜಾರಿಸುವ ಸಲಾಕೆ ಉಕ್ಕಿನದು. ಸ್ವರದಿಂದ ಸ್ವರಕ್ಕೆ ನೆಗೆಯದೆ ಜಾರಿಕೊಂಡು ಹೋಗುವುದರಿಂದ ಮನುಷ್ಯರ ಗಂಟಲಿನಂತೆ ಕೇಳಿಸುತ್ತದೆ. ನಮ್ಮ ಕಿವಿಗೆ ಅದು ಬೇಗ ಹತ್ತಿರವಾಗುವುದೂ ಅದಕ್ಕೇ. ನಾವು ಗಮಕ ಕೇಳಿ ಬೆಳೆದವರು. ಈ ವಾದ್ಯ ಹುಟ್ಟಿದ್ದು ಹವಾಯಿ ದ್ವೀಪಗಳಲ್ಲಿ, 19ನೇ ಶತಮಾನದ ಕೊನೆಗೆ. ಅಲ್ಲಿಂದ ಪೂರ್ವಕ್ಕೆ ಅಮೆರಿಕಕ್ಕೆ ಹೋಗಿ ಕಂಟ್ರಿ ಹಾಡಿನ ಕಣ್ಣೀರಾಯಿತು. ಪಶ್ಚಿಮಕ್ಕೆ ಸಾಗಿ ಕಲ್ಕತ್ತಾ ಮುಟ್ಟಿತು. ನಮ್ಮ ಹಳೆಯ ಚಿತ್ರಗೀತೆಗಳಲ್ಲಿ ಹವಾಯಿಯನ್ ಗಿಟಾರ್ ಆಗಿ ಕುಳಿತಿತು. ವಿಶ್ವಮೋಹನ ಭಟ್ಟರ ಕೈಯಲ್ಲಿ ಮೋಹನವೀಣೆಯಾಯಿತು. ಹುಡುಗನಿಗೆ ಭಟ್ಟರದೊಂದು ತುಣುಕು ಹಾಕಿ, ಹಿಂದೆಯೇ ಹೆಲ್ಮ್ಸ್‌ನನ್ನು ಹಾಕಿದೆ. ನಕ್ಕ. "ಅಜ್ಜಿಯ ಎರಡು ಕಡೆಯ ಮೊಮ್ಮಕ್ಕಳು" ಎಂದ.

ಪಿಟೀಲಿನ ಕಥೆಯೂ ಇಂಥದ್ದೇ. ಕಂಟ್ರಿಯವರು ಅದನ್ನು ವಯೊಲಿನ್ ಎನ್ನುವುದಿಲ್ಲ, ಫಿಡ್ಲ್ ಎನ್ನುತ್ತಾರೆ. ನಮ್ಮ 'ಪಿಟೀಲು' ಆ ಪದವೇ ನಾಲಿಗೆಗೆ ಒಗ್ಗಿ ಆದದ್ದು. ಚೌಡಯ್ಯನವರ ನಾಡಿನವರು ಫಿಡ್ಲ್ ಕೇಳಿ ಇದು ಪರಕೀಯ ಎನ್ನಬಾರದು.

ಕಿವಿ ಎಲ್ಲಿ ಹಿಡಿಯಿತು ಎಂದು ಗೊತ್ತಾದ ಮೇಲೆ ಆಲ್ಬಮ್ ಕೊಡುವುದು ಸುಲಭ. ಮರುದಿನ ಹಳೆಯ ಪಟ್ಟಿ ಅಳಿಸಿ ನಾಲ್ಕೇ ನಾಲ್ಕು ಬರೆದುಕೊಟ್ಟೆ.

ಕಥೆಗೆ ಸೋತವನಾದ್ದರಿಂದ ಮೊದಲು ವಿಲ್ಲಿ ನೆಲ್ಸನ್‌ನ 'ರೆಡ್ ಹೆಡೆಡ್ ಸ್ಟ್ರೇಂಜರ್', 1975. ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಕೊಂದು ಕುದುರೆಯೇರಿ ಅಲೆಯುವ ಪಾದ್ರಿಯ ಕಥೆ, ಇಡೀ ಆಲ್ಬಮ್ ಒಂದೇ ಕಥನ. ವಾದ್ಯಗಳೆಂದರೆ ಒಂದು ಗಿಟಾರು, ಅಕ್ಕ ಬಾಬ್ಬಿಯ ಪಿಯಾನೊ, ಇನ್ನು ಚೂರುಪಾರು. ಕಂಪನಿಯವರು ಕೇಳಿ ಇದು ಕಚ್ಚಾ ಪ್ರತಿ ಇರಬೇಕು, ಪೂರ್ತಿ ಮಾಡಿ ತಾ ಎಂದರಂತೆ. ಇದೇ ಪೂರ್ತಿ ಎಂದ ವಿಲ್ಲಿ. ಒಪ್ಪಂದದಲ್ಲಿ ಕೊನೆಯ ಮಾತು ಅವನದೇ ಇತ್ತು. ಆ ಗಿಟಾರಿಗೆ ಟ್ರಿಗರ್ ಎಂದು ಹೆಸರು. ಐದು ದಶಕ ನುಡಿಸಿ ನುಡಿಸಿ ಮರದ ಮೈ ಸವೆದು ದೊಡ್ಡ ತೂತು ಬಿದ್ದಿದೆ, ಆದರೂ ಬಿಟ್ಟಿಲ್ಲ. ಚಿತ್ರ ಹುಡುಕಿ ನೋಡಿ. ಎಷ್ಟೋ ತಲೆಮಾರು ರುಬ್ಬಿದ ಒರಳಿನ ನೆನಪಾಗುತ್ತದೆ.

ಎರಡನೆಯದು ಜಾನಿ ಕ್ಯಾಶ್‌ನ 'ಅಟ್ ಫೋಲ್ಸಮ್ ಪ್ರಿಸನ್'. 1968ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಜೈಲಿನ ಊಟದ ಹಾಲಿನಲ್ಲಿ, ಕೈದಿಗಳೆದುರು ಹಾಡಿದ್ದು. ನನಗೆ ಇದರಲ್ಲಿ ಹಾಡುಗಳಿಗಿಂತ ನಡುವಿನ ಸದ್ದುಗಳೇ ಹೆಚ್ಚು ಇಷ್ಟ: ಕೈದಿಗಳನ್ನು ನಂಬರು ಹಿಡಿದು ಕರೆಯುವ ಧ್ವನಿವರ್ಧಕ, ಒರಟು ನಗು, ಹಾಡಿನ ನಡುವೆಯೇ ಕ್ಯಾಶ್‌ಗೆ ಬರುವ ನಗು. ರೀನೋದಲ್ಲಿ ಒಬ್ಬನನ್ನು ಸುಮ್ಮನೆ ಸಾಯುವುದನ್ನು ನೋಡಲೆಂದೇ ಗುಂಡಿಕ್ಕಿ ಕೊಂದೆ ಎಂಬ ಸಾಲಿಗೆ ಕೇಳಿಸುವ ಹರ್ಷೋದ್ಗಾರ ಮಾತ್ರ ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು. ಕಾವಲುಗಾರರ ಮುಂದೆ ಅಂಥ ಸಾಲಿಗೆ ಕೇಕೆ ಹಾಕುವಷ್ಟು ಕೈದಿಗಳು ದಡ್ಡರಲ್ಲ. ಕೊನೆಯ ಹಾಡು ಬರೆದವನು ಅಲ್ಲಿಯೇ ಕೈದಿಯಾಗಿದ್ದ ಗ್ಲೆನ್ ಶರ್ಲಿ. ಹಿಂದಿನ ರಾತ್ರಿಯಷ್ಟೇ ಕ್ಯಾಶ್ ಅದನ್ನು ಕೇಳಿ ಕಲಿತಿದ್ದ. ಶರ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದ. ಅಂದಹಾಗೆ, ಕ್ಯಾಶ್ ಆಮೇಲೆ ಕೈಹಿಡಿದ ಜೂನ್ ಬ್ರಿಸ್ಟಲ್‌ಗೆ ಹೋಗಿದ್ದ ಮೇಬೆಲ್‌ಳ ಮಗಳು. ಹಿಂಬಾಗಿಲಿನಿಂದ ಇತಿಹಾಸ ಹೀಗೆ ತಾನೇ ಒಳಗೆ ಬರುತ್ತದೆ. ಮುಂಬಾಗಿಲಲ್ಲಿ ತುರುಕುವುದು ಬೇಡ.

ಮೂರನೆಯದು, ನಾಲ್ಕನೆಯದು ಹೆಂಗಸರವು. ಡಾಲಿ ಪಾರ್ಟನ್‌ಳ 'ಕೋಟ್ ಆಫ್ ಮೆನಿ ಕಲರ್ಸ್', 1971. ಹನ್ನೆರಡು ಮಕ್ಕಳ ಬಡ ಮನೆ, ಅಮ್ಮ ಚಿಂದಿ ಬಟ್ಟೆಗಳನ್ನು ಜೋಡಿಸಿ ಕೋಟು ಹೊಲಿದಳು, ಶಾಲೆಯಲ್ಲಿ ಮಕ್ಕಳು ನಕ್ಕರು. ಕೌದಿ ಹೊದ್ದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸಿನಲ್ಲಿ ಹೋಗುತ್ತ, ಕೈಗೆ ಸಿಕ್ಕ ಲಾಂಡ್ರಿ ರಸೀದಿಯ ಹಿಂದೆ ಬರೆದದ್ದಂತೆ. ಡಾಲಿಯ ದನಿಯಲ್ಲಿ ದೂರಿಲ್ಲ, ಅದಕ್ಕೇ ಗಂಟಲು ಕಟ್ಟುತ್ತದೆ.

ಲೊರೆಟಾ ಲಿನ್ ಬೇರೆಯೇ ಜಾತಿ. ಕೆಂಟಕಿಯ ಕಲ್ಲಿದ್ದಲು ಗಣಿಯವನ ಮಗಳು, 15ಕ್ಕೇ ಮದುವೆ, ಆರು ಮಕ್ಕಳು. ಅವಳ 'ಕೋಲ್ ಮೈನರ್ಸ್ ಡಾಟರ್' ಕೊಟ್ಟೆ. ಆದರೆ ಮನಸ್ಸಿನಲ್ಲಿದ್ದದ್ದು 1975ರ 'ದ ಪಿಲ್'. ಗರ್ಭನಿರೋಧಕ ಗುಳಿಗೆಯ ಬಗ್ಗೆ, ವರ್ಷ ವರ್ಷ ಬಸಿರು ಹೊತ್ತು ಸಾಕಾದವಳು ಗಂಡನಿಗೆ ಕೊಡುವ ನೋಟಿಸು. ಎಷ್ಟೋ ರೇಡಿಯೋ ಕೇಂದ್ರಗಳು ಹಾಕಲು ನಿರಾಕರಿಸಿದವು. ನನ್ನ ಅಜ್ಜಿಗೆ ಹನ್ನೊಂದು ಹೆರಿಗೆ. ಈ ಹಾಡನ್ನು ಅವಳಿಗೆ ಕೇಳಿಸಿ ಅರ್ಥ ಹೇಳುವ ಅವಕಾಶ ಸಿಕ್ಕಿದ್ದರೆ ಎಂದು ಯೋಚಿಸುತ್ತೇನೆ. ಹುಡುಗನಿಗೆ ಇದನ್ನು ಹೇಳಲಿಲ್ಲ.

ಅವನು ಹೊರಡುವ ಮುನ್ನ ಕೇಳಿದ ಇನ್ನೊಂದು ಪ್ರಶ್ನೆ ಹೀಗಿತ್ತು: "ಇದು ಬಿಳಿಯರ ಸಂಗೀತ ಅಲ್ಲವೇ? ನಮ್ಮಂಥವರು ಹೋಗಿ ನಡುವೆ ಕುಳಿತರೆ ನೋಡುವುದಿಲ್ಲವೇ?"

ನೋಡಬಹುದು. ಆದರೆ ಬಿಳಿಯರದು ಎಂಬುದು ಅಂಗಡಿಯ ಬೋರ್ಡು, ಅಡುಗೆಮನೆ ಬೇರೆ. ಕಂಟ್ರಿಯ ತಂತಿವಾದ್ಯ ಬ್ಯಾಂಜೊ ಆಫ್ರಿಕಾದ ವಾದ್ಯದ ಸಂತಾನ. ಹ್ಯಾಂಕ್‌ಗೆ ಕಲಿಸಿದವನು ರೂಫಸ್ ಪೇಯ್ನ್ ಎಂಬ ಕಪ್ಪು ಬೀದಿ ಗಾಯಕ. ಎ. ಪಿ. ಕಾರ್ಟರ್ ಹಳ್ಳಿ ಹಳ್ಳಿ ಸುತ್ತಿ ಹಾಡು ಸಂಗ್ರಹಿಸುವಾಗ ಜೊತೆಗಿದ್ದು ರಾಗ ನೆನಪಿಟ್ಟುಕೊಂಡವನು ಲೆಸ್ಲಿ ರಿಡಲ್, ಅವನೂ ಕಪ್ಪು. ನ್ಯಾಶ್‌ವಿಲ್‌ನ ಹೆಸರಾಂತ ರೇಡಿಯೋ ಕಾರ್ಯಕ್ರಮಕ್ಕೆ 1927ರಲ್ಲಿ 'ಗ್ರ್ಯಾಂಡ್ ಓಲ್ ಆಪ್ರಿ' ಎಂದು ಹೆಸರು ಬಿದ್ದದ್ದು ಡೆಫರ್ಡ್ ಬೈಲಿ ಎಂಬ ಕರಿಯ ಕಲಾವಿದನ ಮೌತ್ ಆರ್ಗನ್ ವಾದನದ ಬೆನ್ನಿಗೆ. ಅವನು ರೈಲಿನ ಸದ್ದನ್ನೇ ಆ ಪುಟ್ಟ ವಾದ್ಯದಲ್ಲಿ ತರುತ್ತಿದ್ದ. 1941ರಲ್ಲಿ ಅವನನ್ನು ಕೈಬಿಟ್ಟರು. ಆಮೇಲೆ ಅದೇ ಊರಿನಲ್ಲಿ ಬೂಟ್ ಪಾಲಿಶ್ ಅಂಗಡಿ ನಡೆಸಿದ. ಕಂಟ್ರಿಯ ಗೌರವಪಟ್ಟಿಗೆ ಸೇರಿಸಿದ್ದು 2005ರಲ್ಲಿ, ಸತ್ತು 23 ವರ್ಷದ ಮೇಲೆ.

ಚಾರ್ಲಿ ಪ್ರೈಡ್‌ನ ಮೊದಲ ತಟ್ಟೆಗಳನ್ನು ರೇಡಿಯೋದವರಿಗೆ ಕಳಿಸುವಾಗ ಕಂಪನಿ ಅವನ ಚಿತ್ರವನ್ನೇ ಇಡಲಿಲ್ಲ. ಕಂಠ ಕೇಳಿ ಬಿಳಿಯನೆಂದುಕೊಂಡು ಬಂದ ಡೆಟ್ರಾಯಿಟ್‌ನ ಸಭಿಕರ ಚಪ್ಪಾಳೆ, ಅವನು ವೇದಿಕೆಗೆ ಬಂದಾಗ ನಡುವೆಯೇ ನಿಂತುಹೋಯಿತು. ಬಿಸಿಲಿಗೆ ಕಾಯಂ ಆಗಿ ಕಂದಿದ ಈ ಮೈಬಣ್ಣದೊಂದಿಗೆ ಹೀಗೆ ಬಂದು ನಿಂತಿರುವುದು ನಿಮಗೆ ವಿಚಿತ್ರವೆನಿಸಬಹುದು ಎಂದು ನಗಿಸಿ, ಹಾಡಲು ಶುರು ಮಾಡಿದ. ಆ ನಗೆಯಲ್ಲಿ ಎಷ್ಟು ನುಂಗಿಕೊಂಡಿದ್ದಿರಬೇಕು. ಕಪ್ಪು ಗಾಯಕಿ ಲಿಂಡಾ ಮಾರ್ಟೆಲ್ 1969ರಲ್ಲಿ ಆಪ್ರಿ ವೇದಿಕೆಯೇರಿದಳು, ಒಂದೇ ಆಲ್ಬಮ್ ಮಾಡಿ ಮರೆಯಾದಳು. 2024ರಲ್ಲಿ ಬಿಯಾನ್ಸೆ ತನ್ನ 'ಕೌಬಾಯ್ ಕಾರ್ಟರ್'ನಲ್ಲಿ ಅವಳ ದನಿಯನ್ನು ಮತ್ತೆ ಕೇಳಿಸಿದಾಗ, ಯಾರಿವಳು ಎಂದು ಹುಡುಕಿದವರೇ ಹೆಚ್ಚು. ಆ ಆಲ್ಬಮ್ಮನ್ನೂ ಕೇಳು, ಆದರೆ ಮಾರ್ಟೆಲ್ ಕೇಳಿದ ಮೇಲೆ ಕೇಳು ಎಂದೆ.

ಇತ್ತೀಚಿನವರ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಪಿಕಪ್ ಟ್ರಕ್ಕು, ಬಿಯರು, ನದಿ ದಂಡೆಯ ಹುಡುಗಿ, ಮತ್ತೆ ಟ್ರಕ್ಕು ಎಂದು ಸುತ್ತುವ ಹಾಡುಗಳಿಗೆ ನನ್ನ ವಯಸ್ಸು ಮೀರಿದೆ. ಟೈಲರ್ ಚಿಲ್ಡರ್ಸ್‌ನ 'ಪರ್ಗಟರಿ', ಕೇಸಿ ಮಸ್ಗ್ರೇವ್ಸ್‌ಳ 'ಗೋಲ್ಡನ್ ಅವರ್' ಚೆನ್ನಾಗಿವೆ. ಅವನ ವಯಸ್ಸಿನವರು ಅವನಿಗೆ ಹೇಳಿಯಾರು.

'ಕಂಟ್ರಿ ರೋಡ್ಸ್' ವಿಷಯ ಬಿಡಬಾರದು, ನಮ್ಮ ಕಾಲೇಜು ಪ್ರವಾಸದ ಬಸ್ಸುಗಳ ನಾಡಗೀತೆ ಅದು. ಪಶ್ಚಿಮ ವರ್ಜೀನಿಯಾವನ್ನು ಕೊಂಡಾಡುವ ಆ ಹಾಡು ಹೊಳೆದದ್ದು ಮೇರಿಲ್ಯಾಂಡ್‌ನ ಒಂದು ರಸ್ತೆಯಲ್ಲಿ ಕಾರಿನಲ್ಲಿ ಹೋಗುವಾಗ. 1975ರಲ್ಲಿ ಅದನ್ನು ಹಾಡಿದ ಜಾನ್ ಡೆನ್ವರ್‌ಗೆ ಕಂಟ್ರಿ ಸಂಘದ ವರ್ಷದ ಕಲಾವಿದ ಪ್ರಶಸ್ತಿ ಬಂದಾಗ, ಹೆಸರು ಓದಬೇಕಿದ್ದ ಚಾರ್ಲಿ ರಿಚ್ ವೇದಿಕೆಯ ಮೇಲೆಯೇ ಲೈಟರ್ ತೆಗೆದು ಆ ಚೀಟಿಗೆ ಬೆಂಕಿ ಹಚ್ಚಿದ. ಯಾರು ನೈಜ, ಯಾರು ಅಲ್ಲ ಎಂಬ ಜಗಳ ಅಲ್ಲಿಯೂ ಮುಗಿದಿಲ್ಲ.

ಹೋಗಿ ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಗ್ಗೆ ಹುಡುಗನ ಫೋನು ಬಂತು. ಅಲ್ಲಿ ಶನಿವಾರ ರಾತ್ರಿ. ಬ್ರಾಡ್‌ವೇ ಬೀದಿಯ ಒಂದು ಬಾರಿನಿಂದ ಹೊರಗೆ ಬಂದು ಮಾತನಾಡುತ್ತಿದ್ದ, ಹಿಂದೆ ಗದ್ದಲ. ಅಲ್ಲಿ ಬೀದಿಯ ಕಿಟಕಿಗೆ ಬೆನ್ನು ಹಾಕಿಕೊಂಡು ವಾದ್ಯದವರು ನುಡಿಸುತ್ತಾರೆ, ಕಾಸಿಗಾಗಿ ಬಕೆಟ್ಟು ತಿರುಗುತ್ತದೆ. ಇವನು ಐದು ಡಾಲರ್ ಹಾಕಿ ಜಾರ್ಜ್ ಜೋನ್ಸ್ ಕೇಳಿದನಂತೆ. ಗಾಯಕಿ ಇವನನ್ನು ಮೇಲಿಂದ ಕೆಳಗೆ ನೋಡಿ, ಯಾವ ಜೋನ್ಸ್ ಎಂದಳಂತೆ. ಹೇಳಿದ. ಹಾಡಿದಳು.

"ಅದಲ್ಲ ಚಿಕ್ಕಮ್ಮ ವಿಷಯ," ಎಂದ, ಗದ್ದಲದ ಮೇಲೆ ದನಿ ಏರಿಸಿ. "ಆ ಸ್ಟೀಲ್ ಗಿಟಾರಿನವನಿಗೆ ಮೂರು ಅಡಿ ದೂರದಲ್ಲಿ ಕುಳಿತಿದ್ದೆ. ಈಗಿನದಕ್ಕೆ ಪೆಡಲ್ ಇರುತ್ತದೆ ಎಂದಷ್ಟೇ ನೀವು ಹೇಳಿದ್ದಿರಿ. ಮೇಜಿನಂಥ ಆ ವಾದ್ಯದ ಕೆಳಗೆ ಸನ್ನೆಗೋಲುಗಳೂ ಇವೆ, ಗೊತ್ತೇ? ಎಲ್ಲರೂ ಅವನ ಕೈ ನೋಡುತ್ತಿದ್ದರು. ಅವನು ಮೊಣಕಾಲಿನಿಂದ ಅವನ್ನು ಆ ಕಡೆ ಈ ಕಡೆ ತಳ್ಳುತ್ತಾನೆ, ಆಗ ತಂತಿ ಬಿಗಿಯುತ್ತದೆ, ಸಡಿಲಾಗುತ್ತದೆ. ಆ ಅಳು ಬರುವುದು ಮೊಣಕಾಲಿನಿಂದ!"

ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಕೇಳಿದ್ದೇನೆ, ಒಮ್ಮೆಯೂ ನೋಡಿಲ್ಲ.

"ಮುಂದಿನ ವಾರ ಕ್ಯಾಮೆರಾ ಕೆಳಗಿಟ್ಟು ವಿಡಿಯೊ ಮಾಡಿ ಕಳಿಸು" ಎಂದೆ.